ಅಕಿ ಬಾಯಿ ಅಕಿಗಿರಲಿ

ಸೊಸಿನ್ನ ಮನಸ್ಸಿನ ಡಾಕ್ಟರ್ ಹತ್ರ ಕರಕೊಂಡು ಹೋದ್ರ ಮಾತಾಡೂದೆಲ್ಲಾ ಅತ್ತಿ, ಗಂಡ. ಅಕಿ ಬಾಜೂಕನ ಕುಂತಿರತಾಳ, ಮೂಕಿ ಏನಲ್ಲ! ಗುಳಿಗಿ ನುಂಗಿದ್ಲೋ ಇಲ್ಲೋ ಅಂತ ಬಾಯಿ ತಗಿಸಿ ನೋಡತಾರ. ಆ ಬಾಯಿ ಏನ್ ಹೇಳತದ ಅಂತ ಕೇಳೂದಿಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ 18 ದಾಟಿದಾಕಿ ತನ್ನ ಪ್ರತಿನಿಧಿನ್ನ ತಾನ ಆರಿಸಬಹುದ್ರೀ. ಬಿಳಿ ಹಾಳಿ ಮ್ಯಾಲೆ ಬರದು ಸಹಿ, ಇಲ್ಲಾ ಹೆಬ್ಬಟ್ಟು ಒತ್ತಿದ್ರ ಸಾಕು. ಗಂಡನ ಆಗಬೇಕಂತಿಲ್ಲ, ಗೆಳತಿನೂ ನಡೀತದ. ಮುಂದ ಬದಲಿಸಲಿಕ್ಕೂ ಬರತದ. ವಕೀಲರ ನೆರವು ಪುಕ್ಕಟ.

"ಮನಿ ಮಾತು ಹೊರಗಿನವ್ರಿಗ್ಯಾಕ" ಅಂತೀರೇನು? ಅಳೂದಕ್ಕ ಕಾರಣ ಮನಿಯೊಳಗನ ಇದ್ರ, ಮನಿಯವ್ರು ಅದನ್ನ ಡಾಕ್ಟರ್ ಮುಂದ ಹೇಳತಾರೇನ್ರೀ?

ಆರಿಸಿದವ್ರೂ ಒಪ್ಪಿಗಿ ಬರದು ಕೊಡಬೇಕಾಗತದ. ನಮ್ಮ ಓಣ್ಯಾಗ ಯಾರಿಗರೆ ಬೇಕಾದ್ರ ನನ್ನ ಹೆಸರು ಬರೀರಿ, ನಾ ಬರತೀನಿ.