ಕದಿಯೋದಾದ್ರೆ ಐಡಿಯಾ ಕದಿಯೋಣ

ಟೈಮ್‌ಲ್ಯಾಪ್ಸ್ ಅಂದ್ರೆ ನಮಗೆಲ್ಲ ಫೋನಲ್ಲಿರೋ ಒಂದು ಮೋಡ್. ಬಟನ್ ಒತ್ತು, ಮೋಡ ಓಡಿಸು, ಒಂದು ಹಾಡು ಹಾಕು, ರೀಲ್ ರೆಡಿ. ಫೆಸ್ಟ್ ವಿಡಿಯೋಗಳಲ್ಲೂ ಇದೇ ಕಥೆ. ಬೇರೆಯವರ ಬಣ್ಣ, ಬೇರೆಯವರ ಟ್ರಾನ್ಸಿಶನ್ ಎತ್ತಿಕೊಂಡು ಬಂದು ಅದಕ್ಕೆ 'ಇನ್‌ಸ್ಪಿರೇಶನ್' ಅಂತ ಹೆಸರಿಡ್ತೀವಿ. ಸ್ಫೂರ್ತಿ ಬೇಕು ಅಂದ್ರೆ ಆ ಕೆಲಸವನ್ನ ಬಿಚ್ಚಿ ನೋಡಬೇಕು, ಲ್ಯಾಬಲ್ಲಿ ಮೋಟರ್ ಬಿಚ್ಚಿ ನೋಡೋ ಹಾಗೆ.

ಬಿಚ್ಚೋಕೆ ಒಳ್ಳೇದೊಂದಿದೆ. ಲಡಾಖ್‌ನ ಹಾನ್ಲೆ ವೀಕ್ಷಣಾಲಯದ ಎಂಜಿನಿಯರ್ ದೋರ್ಜೆ ಅಂಗ್‌ಚುಕ್ 2025ರ ಜನವರಿಯಲ್ಲಿ ಹಂಚಿಕೊಂಡ ಟೈಮ್‌ಲ್ಯಾಪ್ಸ್. (ಎಂಜಿನಿಯರ್! ಗಮನಿಸಿ.) ಈ ವೀಕ್ಷಣಾಲಯ ನಮ್ಮ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನದ್ದು. ಅಲ್ಲಿನ 2 ಮೀಟರ್ ದೂರದರ್ಶಕವನ್ನ ಹೊಸಕೋಟೆಯಿಂದಲೇ ನಡೆಸ್ತಾರೆ.

ಸಾಮಾನ್ಯವಾಗಿ ಇಂಥ ವಿಡಿಯೋಗಳಲ್ಲಿ ಬೆಟ್ಟ ನಿಂತಿರತ್ತೆ, ನಕ್ಷತ್ರ ಓಡತ್ತೆ. ಇಲ್ಲಿ ಉಲ್ಟಾ. ನಕ್ಷತ್ರಗಳು ನಿಂತಲ್ಲೇ ನಿಂತಿವೆ, ಬೆಟ್ಟ, ನೆಲ ಎಲ್ಲ ವಾಲಿಕೊಂಡು ತಿರುಗ್ತಾ ಇದೆ. ನೋಡ್ತಾ ಹೋದ್ರೆ ಕುರ್ಚಿ ಹಿಡ್ಕೋಬೇಕು ಅನ್ಸತ್ತೆ. ಮಾಡಿರೋದು ಇಷ್ಟೇ: ಕ್ಯಾಮೆರಾವನ್ನ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ, ಗಂಟೆಗೆ 15 ಡಿಗ್ರಿಯಂತೆ, ಭೂಮಿಗೆ ವಿರುದ್ಧವಾಗಿ ತಿರುಗಿಸೋದು. ಫಸ್ಟ್ ಸೆಮ್‌ನಲ್ಲಿ 'ಫ್ರೇಮ್ ಆಫ್ ರೆಫರೆನ್ಸ್' ಅಂತ ಬರೆದು, ಮಾರ್ಕ್ಸ್ ತಗೊಂಡು, ಮರೆತಿದ್ದೀವಲ್ಲ? ಅದೇ ಇದು.

ಇಷ್ಟೇ ಅಂದ್ವಿ, ಆದರೆ ಹಾನ್ಲೆ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿ ಬ್ಯಾಟರಿ ಬೇಗ ಸಾಯತ್ತೆ. ಲೆಕ್ಕವೂ ಕ್ರೂರ. 30 ಸೆಕೆಂಡಿಗೊಂದು ಫೋಟೋ ತೆಗೆದ್ರೆ ಗಂಟೆಗೆ 120. ಸೆಕೆಂಡಿಗೆ 24 ಫ್ರೇಮ್ ಓಡಿಸಿದ್ರೆ ಒಂದು ಗಂಟೆಯ ಚಳಿಗೆ ಸಿಗೋದು 5 ಸೆಕೆಂಡ್ ಸಿನಿಮಾ. ನಾವು ಸ್ಕಿಪ್ ಮಾಡೋದು ಆ 5 ಸೆಕೆಂಡನ್ನೇ.

'ಹಾನ್ಲೆಗೆ ಹೋಗೋಕೆ ದುಡ್ಡೆಲ್ಲಿ, ಟ್ರ್ಯಾಕರ್ ಯಾರು ಕೊಡಿಸ್ತಾರೆ' ಅನ್ನೋ ಮಾತು ಬಂದೇ ಬರತ್ತೆ. ನಿಜ, ಆ ಕತ್ತಲೆ ನಮ್ಮೂರಲ್ಲಿಲ್ಲ. ಬೆಂಗಳೂರಿನ ಆಕಾಶ ರಾತ್ರಿ ಹನ್ನೆರಡಕ್ಕೂ ಕಿತ್ತಳೆ ಬಣ್ಣ. ಆದ್ರೆ ಹಾನ್ಲೆಯನ್ನ ಇಲ್ಲಿ ನಕಲು ಮಾಡೋ ಹಠ ಯಾಕೆ? ಬೆಂಗಳೂರಲ್ಲಿ ಧ್ರುವ ನಕ್ಷತ್ರ ಇರೋದು ದಿಗಂತದಿಂದ ಬರೀ 13 ಡಿಗ್ರಿ ಮೇಲೆ, ಅಂದ್ರೆ ಯಾವುದಾದ್ರೂ ಅಪಾರ್ಟ್‌ಮೆಂಟ್ ಹಿಂದೆ. ಆ ಅಪಾರ್ಟ್‌ಮೆಂಟನ್ನೇ ಇಡೀ ರಾತ್ರಿ ಶೂಟ್ ಮಾಡಿ. ಒಂದೊಂದೇ ಕಿಟಕಿ ಆರತ್ತೆ, ಕಾರಿಡಾರ್ ಲೈಟ್ ಮಾತ್ರ ಆರಲ್ಲ. ಅದು ನಮ್ಮ ಸಿನಿಮಾ ಆಗತ್ತೆ, ಅಂಗ್‌ಚುಕ್ ಅವರ ಕಾಪಿ ಅಲ್ಲ. ಅವರಿಂದ ತಗೊಂಡಿದ್ದು ಒಂದೇ ಪ್ರಶ್ನೆ: ಇಲ್ಲಿ ಯಾವುದನ್ನ ನಿಲ್ಲಿಸಬೇಕು, ಯಾವುದನ್ನ ಓಡಿಸಬೇಕು?

ಮುಂದಿನ ಫೆಸ್ಟ್‌ನ ವಿಡಿಯೋ ಸ್ಪರ್ಧೆಯಲ್ಲಿ ರೀಲ್ ಜೊತೆ ಒಂದು ಪುಟದ ಲೆಕ್ಕವನ್ನೂ ಕೇಳಲಿ ಅನ್ನೋದು ನಮ್ಮ ಬೇಡಿಕೆ. ಎಷ್ಟು ಫ್ರೇಮ್, ಎಷ್ಟು ಅಂತರ, ಎಷ್ಟು ಹೊತ್ತು ಕಾದ್ರಿ, ಯಾಕೆ. ಎಡಿಟಿಂಗ್ ಆ್ಯಪ್ ಯಾವುದು ಅಂತ ಬೇಕಾಗಿಲ್ಲ. ಡಿಸೆಂಬರ್‌ನಲ್ಲಿ ಮಹಾವ್ಯಾಧ, ಅದೇ ಒರಾಯನ್, ಸಂಜೆ ಪೂರ್ವದಲ್ಲಿ ಹುಟ್ಟಿ ಹೆಚ್ಚುಕಮ್ಮಿ ಬೆಳಗಿನ ತನಕ ಇರತ್ತೆ. ಸಿಟಿ ಬೆಳಕಲ್ಲೂ ಅದರ ಮೂರು ಸಾಲು ನಕ್ಷತ್ರ ಕಾಣತ್ತೆ. ಹಾಸ್ಟೆಲ್ ಟೆರೇಸ್ ಕೀ ವಾರ್ಡನ್ ಸರ್ ಹತ್ರ ಇದೆ. ಲೆಟರ್ ಬರೆಯೋಕೆ ಯಾರು ಬರ್ತೀರಾ?