ಬೇಟೆನಾಯಿಯೂ ಶ್ರಾವಕನ ಹೊಣೆಯೂ

ಸಪ್ತವ್ಯಸನಗಳಲ್ಲಿ ಬೇಟೆಯೂ ಒಂದೆಂಬುದನ್ನು ಅರಿಯದ ಜೈನ ಮನೆತನವಿಲ್ಲ. ಪೂರ್ವಾಚಾರ್ಯರು ಅದನ್ನು ‘ಪಾಪರ್ಧಿ’ ಎಂದೇ ಕರೆದರು. ಪಾಪವನ್ನು ಬೆಳೆಸುವುದು ಎಂಬ ಅರ್ಥ ಆ ಹೆಸರಿನಲ್ಲಿಯೇ ಅಡಗಿದೆ. ಕೋವಿ ಹಿಡಿದು ಕಾಡಿಗೆ ನಡೆಯುವ ಶ್ರಾವಕನನ್ನು ಸಮಾಜ ಇಂದಿಗೂ ಒಪ್ಪುವುದಿಲ್ಲ. ಆದರೆ ದೋಷವು ಯಾವಾಗಲೂ ತನ್ನ ನಿಜರೂಪದಲ್ಲಿಯೇ ಬಾಗಿಲಿಗೆ ಬರುವುದಿಲ್ಲ. ಬೇಟೆಯ ಸಮರ್ಥನೆಗೆ ಇಂದು ಎರಡು ಮಾತುಗಳು ಕೇಳಿಬರುತ್ತಿವೆ. ಚೆನ್ನಾಗಿ ಪಳಗಿದ ನಾಯಿಯೊಡನೆ ಆಡುವ ಬೇಟೆ ಕ್ರೂರವಲ್ಲ, ಅದು ಪ್ರಾಣಿಯ ನೋವನ್ನು ಕಡಿಮೆಮಾಡುತ್ತದೆ ಎಂಬುದು ಪಶ್ಚಿಮ ದೇಶಗಳಿಂದ ಬಂದ ಮಾತು. ಕೊಲ್ಲುವವರು ನಾಯಿಗಳೊಡನೆ ಬರುವ ಬೇಟೆಗಾರರೇ ಹೊರತು ತೋಟದ ಒಡೆಯರಲ್ಲ ಎಂಬುದು ಊರಿನದೇ ಮಾತು. ಒಂದು ಮಾತು ನಾಯಿಯನ್ನು ದಯೆಯ ಸಾಧನವೆನ್ನುತ್ತದೆ. ಇನ್ನೊಂದು ಅದನ್ನು ಒಡೆಯನಿಗೂ ಪಾಪಕ್ಕೂ ನಡುವಿನ ತೆರೆಯನ್ನಾಗಿ ಮಾಡಿಕೊಳ್ಳುತ್ತದೆ. ಶಾಸ್ತ್ರದ ಒರೆಗಲ್ಲಿನ ಮೇಲೆ ಎರಡೂ ನಿಲ್ಲುವುದಿಲ್ಲ.

ಖಂಡನೆಗೆ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮುಂದಿಡುವುದು ನ್ಯಾಯ. ಜರ್ಮನಿಯಲ್ಲಿ 1848ರ ಕ್ರಾಂತಿಯವರೆಗೆ ಬೇಟೆಯು ಬಹುಮಟ್ಟಿಗೆ ಅರಸರ ಮತ್ತು ಕುಲೀನರ ಹಕ್ಕಾಗಿತ್ತು. ಹಕ್ಕಿಗೆ ಒಂದು ತಳಿ, ಜಿಂಕೆಗೆ ಒಂದು, ಹಂದಿಗೆ ಮತ್ತೊಂದು ಎಂದು ನಾಯಿಗಳ ಹಿಂಡನ್ನೇ ಸಾಕುವ ಶಕ್ತಿ ಅವರಿಗಿತ್ತು. ಆ ಹಕ್ಕು ಭೂಮಿಯ ಒಡೆಯರಿಗೆ ಬಂದಮೇಲೆ, ಒಂದೇ ನಾಯಿಯನ್ನು ಸಾಕಬಲ್ಲ ಸಾಮಾನ್ಯ ಬೇಟೆಗಾರನಿಗೆ ಎಲ್ಲ ಕೆಲಸವನ್ನೂ ಬಲ್ಲ ನಾಯಿ ಬೇಕಾಯಿತು. ಹೊಲದಲ್ಲಿ ಅಡಗಿದ ಹಕ್ಕಿಯ ಎದುರು ಕಲ್ಲಿನಂತೆ ನಿಂತು ಮೂಗಿನಿಂದ ದಿಕ್ಕು ತೋರಿಸುವುದು, ಗುಂಡು ತಗುಲಿ ಬಿದ್ದುದನ್ನು ನೆಲದಿಂದಲೂ ನೀರಿನಿಂದಲೂ ಕಚ್ಚಿ ತರುವುದು, ಗಾಯಗೊಂಡು ಓಡಿದ ಪ್ರಾಣಿಯ ನೆತ್ತರಿನ ಜಾಡು ಹಿಡಿಯುವುದು, ಇವೆಲ್ಲವನ್ನೂ ಮಾಡಬಲ್ಲ ಡಾಯ್ಚ್ ಕುರ್ಟ್ಸ್‌ಹಾರ್, ಡಾಯ್ಚ್ ಡ್ರಾಟ್‌ಹಾರ್ ಮೊದಲಾದ ತಳಿಗಳು ಹೀಗೆ ರೂಪುಗೊಂಡವು. ಇಂತಹ ನಾಯಿಗಳ ಪರೀಕ್ಷೆಗಳನ್ನು ನಡೆಸುವ ಒಕ್ಕೂಟವು ಅಲ್ಲಿ 1899ರಲ್ಲಿ ಸ್ಥಾಪನೆಯಾಯಿತು. ಉತ್ತರ ಅಮೆರಿಕದಲ್ಲಿ ಇದೇ ಉದ್ದೇಶದ ಸಂಘವು 1969ರಲ್ಲಿ ಹುಟ್ಟಿತು. ಗಾಯಗೊಂಡ ಪ್ರಾಣಿ ಅನಾವಶ್ಯಕ ನೋವುಣ್ಣದಂತೆ ನೋಡಿಕೊಳ್ಳುವುದು ಬೇಟೆಗಾರನ ಕರ್ತವ್ಯವೆಂದು ಜರ್ಮನಿಯ ಕಾಯ್ದೆಯೂ ವಿಧಿಸುತ್ತದೆ. ನಾಯಿಯಿಲ್ಲದೆ ಬೇಟೆಯಾಡಿದರೆ ಗುಂಡು ತಗುಲಿದ ಹಕ್ಕಿ ಜೊಂಡಿನ ನಡುವೆ ದಿನಗಟ್ಟಲೆ ನರಳಿ ಸಾಯುತ್ತದೆ. ನಾಯಿಯಿದ್ದರೆ ಅದು ಕೂಡಲೆ ಸಿಕ್ಕಿ ನೋವು ಮುಗಿಯುತ್ತದೆ. ಆದುದರಿಂದ ನಾಯಿಯೊಡನೆ ಆಡುವುದೇ ಧರ್ಮದ ಬೇಟೆ ಎಂಬುದು ಅವರ ವಾದದ ಸಾರ.

ಈ ವಾದದಲ್ಲಿ ಒಂದು ಸತ್ಯವಿದೆ. ನರಳಿ ಸಾಯುವುದಕ್ಕಿಂತ ಬೇಗ ಸಾಯುವುದರಲ್ಲಿ ನೋವು ಕಡಿಮೆ. ಆದರೆ ಆ ಗಾಯವನ್ನು ಮಾಡಿದವರು ಯಾರು ಎಂಬ ಪ್ರಶ್ನೆಯನ್ನು ವಾದವು ದಾಟಿಹೋಗುತ್ತದೆ. ಮನೆಗೆ ಬೆಂಕಿಯಿಟ್ಟವನು ಅದನ್ನು ಆರಿಸಲು ಕೊಡ ನೀರು ತಂದನೆಂದು ಅವನನ್ನು ಉಪಕಾರಿಯೆಂದು ಕೊಂಡಾಡುವವರಿಲ್ಲ. ಉಮಾಸ್ವಾಮಿಗಳು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಕ್ಕೆ ಒದಗುವ ಹಾನಿಯ ಹಿಂದಿರುವ ಪ್ರಮಾದವನ್ನೂ ಮುಂದಿಟ್ಟರು. ಬೇಟೆಯಲ್ಲಿ ಕೊಲ್ಲುವ ಸಂಕಲ್ಪವು ಮನೆಯಿಂದ ಹೊರಡುವಾಗಲೇ ಹುಟ್ಟಿರುತ್ತದೆ. ಅಡುಗೆ, ಕೃಷಿ, ವ್ಯಾಪಾರಗಳಲ್ಲಿ ತಪ್ಪಿಸಲಾಗದೆ ಒದಗುವ ಆರಂಭೀ ಮತ್ತು ಉದ್ಯೋಗೀ ಹಿಂಸೆಗಳಿಗೂ ಈ ಸಂಕಲ್ಪೀ ಹಿಂಸೆಗೂ ಅಜಗಜಾಂತರವಿದೆ. ಸಾವು ಶೀಘ್ರವಾದುದರಿಂದ ಸಂಕಲ್ಪವು ಶುದ್ಧವಾಗುವುದಿಲ್ಲ.

ಇಂತಹ ವಾದಗಳನ್ನು ಜೈನಾಚಾರ್ಯರು ಸಾವಿರ ವರ್ಷಗಳ ಹಿಂದೆಯೇ ಕೇಳಿದ್ದರು. ಹಲವು ಜೀವಿಗಳನ್ನು ಕೊಲ್ಲುವ ಪ್ರಾಣಿಯನ್ನು ಕೊಂದರೆ ಹಲವು ಜೀವ ಉಳಿಯುತ್ತವೆಂಬ ವಾದವನ್ನೂ, ನೋವುಣ್ಣುವ ಜೀವಿಯನ್ನು ಕೊಂದರೆ ಅದರ ದುಃಖ ಬೇಗ ಮುಗಿಯುತ್ತದೆಂಬ ವಾದವನ್ನೂ ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಎತ್ತಿಕೊಂಡು ನಿರಾಕರಿಸಿದ್ದಾರೆ. ದಯೆಯ ವೇಷ ತೊಟ್ಟ ಕೊಲೆಯನ್ನೂ ಅವರು ಕೊಲೆಯೆಂದೇ ಎಣಿಸಿದರು.

ಈ ‘ದಯೆ’ಯನ್ನು ನಾಯಿಗೆ ಕಲಿಸುವ ಬಗೆಯನ್ನು ನೋಡಿದರೆ ವಾದದ ಪೊಳ್ಳು ಇನ್ನೂ ಸ್ಪಷ್ಟವಾಗುತ್ತದೆ. ನೀರಿನಲ್ಲಿ ಹುಡುಕುವ ಸಾಮರ್ಥ್ಯವನ್ನು ಅಳೆಯಲು ಜೀವಂತ ಬಾತುಕೋಳಿಯನ್ನು ಬಳಸುವ ಪದ್ಧತಿ ಜರ್ಮನಿಯ ಪರೀಕ್ಷೆಗಳಲ್ಲಿದೆ. ಹಾರಲಾಗದಂತೆ ಅದರ ರೆಕ್ಕೆಗರಿಗಳಿಗೆ ಕಾಗದದ ಪಟ್ಟಿಯನ್ನು ಸುತ್ತಿ, ಜೊಂಡಿನೊಳಗೆ ಬಿಟ್ಟು, ಹಿಂದಿನಿಂದ ನಾಯಿಯನ್ನು ಕಳುಹಿಸುತ್ತಾರೆ. ಮುಂದೆಂದೋ ಗಾಯಗೊಳ್ಳಲಿರುವ ಹಕ್ಕಿಯ ನೋವನ್ನು ತಪ್ಪಿಸಲು ಇಂದು ಗಾಯವಿಲ್ಲದ ಹಕ್ಕಿಯನ್ನು ಭಯಕ್ಕೆ ದೂಡುವುದು ಇದರ ತಾತ್ಪರ್ಯ. ಗುಂಡೇ ಹಾರದಿದ್ದರೆ ಗಾಯಗೊಂಡ ಹಕ್ಕಿಯೂ ಇಲ್ಲ, ಅದನ್ನು ಹುಡುಕುವ ನಾಯಿಯೂ ಬೇಡ, ನಾಯಿಯನ್ನು ಪರೀಕ್ಷಿಸುವ ಬಾತುಕೋಳಿಯೂ ಬೇಡ.

ಬೇಟೆಗಾರರ ಕೊನೆಯ ಆಸರೆ ನಾಯಿಯ ಸ್ವಭಾವ. ಬೆನ್ನಟ್ಟುವುದು ಅದರ ಹುಟ್ಟುಗುಣ, ಮನುಷ್ಯ ಅದಕ್ಕೆ ಅವಕಾಶವನ್ನಷ್ಟೇ ಕೊಡುತ್ತಾನೆ ಎನ್ನುತ್ತಾರೆ. ಬೇಕಾದ ಗುಣವಿದ್ದ ನಾಯಿಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆಯ್ದು, ಪರೀಕ್ಷೆಯಲ್ಲಿ ಗೆದ್ದವನ್ನು ವಂಶಾವಳಿಯಲ್ಲಿ ಬರೆದಿಟ್ಟು ರೂಪಿಸಿದ ಗುಣವನ್ನು ಕೇವಲ ಪ್ರಕೃತಿಯೆಂದು ಕರೆಯುವುದು ಸಲ್ಲದು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಕೃತ–ಕಾರಿತ–ಅನುಮೋದನೆಗಳಲ್ಲಿ ನಾಯಿಯ ಬೇಟೆ ಒಡೆಯನ ಪಾಲಿಗೆ ಸಂಪೂರ್ಣ ಕಾರಿತ. ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಕೊಲ್ಲುವ ಸಾಧನವನ್ನು ಒದಗಿಸುವ ಹಿಂಸಾದಾನವನ್ನು ಎಣಿಸಿದರು. ಹೇಮಚಂದ್ರಾಚಾರ್ಯರು ಶ್ರಾವಕನಿಗೆ ವರ್ಜ್ಯವಾದ 15 ವೃತ್ತಿಗಳಲ್ಲಿ ‘ಅಸತೀಪೋಷಣ’ವನ್ನು ಹೇಳುವಾಗ, ಹಣಕ್ಕಾಗಿ ನಾಯಿ–ಬೆಕ್ಕುಗಳನ್ನು ಸಾಕುವುದನ್ನೂ ಅದರಲ್ಲಿ ಸೇರಿಸಿದರು. ಬೇಟೆಗೆಂದು ಮರಿ ಮಾಡಿಸಿ ಮಾರುವ ಕಸುಬು ಈ ಎರಡು ನಿಷೇಧಗಳಿಗೂ ಒಳಪಡುತ್ತದೆ.

ಬೇಟೆಯಲ್ಲಿ ಅನ್ಯಾಯಕ್ಕೆ ಒಳಗಾಗುವುದು ಕಾಡುಪ್ರಾಣಿ ಮಾತ್ರವಲ್ಲ. ನಾಯಿಯೂ ಮನಸ್ಸುಳ್ಳ ಪಂಚೇಂದ್ರಿಯ ಜೀವಿ; ತಿರ್ಯಂಚಗತಿಯಲ್ಲಿದ್ದೇ ಸಮ್ಯಕ್ತ್ವವನ್ನು, ದೇಶವ್ರತವನ್ನು ಹೊಂದುವ ಅರ್ಹತೆ ಅಂತಹ ಜೀವಿಗೆ ಉಂಟು. ಪ್ರಾಣ ಬಿಡುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರ ಮಂತ್ರವನ್ನು ನುಡಿದುದನ್ನೂ, ಆ ಜೀವಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾದುದನ್ನೂ ಕನ್ನಡಿಗರು 1424ರ ಭಾಸ್ಕರನ ‘ಜೀವಂಧರ ಚರಿತೆ’ಯಿಂದ ಬಲ್ಲರು. ಮಂತ್ರ ಕೇಳುವ ಯೋಗ್ಯತೆಯುಳ್ಳ ಕಿವಿಗೆ ಕೊಲ್ಲುವ ಸನ್ನೆಯನ್ನು ಕಲಿಸುವವನು ಒಂದು ಜೀವಿಯ ಪ್ರಾಣವನ್ನೂ ಇನ್ನೊಂದು ಜೀವಿಯ ಪರಿಣಾಮಶುದ್ಧಿಯನ್ನೂ ಏಕಕಾಲಕ್ಕೆ ಕೆಡಿಸುತ್ತಾನೆ. ಯಶೋಧರನ ಕಥೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಸಂಕಲ್ಪದ ಫಲವಾಗಿ ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟುತ್ತಾರೆ. ಆ ನಾಯಿಯೇ ಆ ನವಿಲನ್ನು ಕೊಲ್ಲುತ್ತದೆ. ಅದೇ ಕಥೆಯಲ್ಲಿ ಬೇಟೆಗೆ ಹೊರಟ ಯಶೋಮತಿಯು ಸುದತ್ತಮುನಿಯ ಮೇಲೆ ನಾಯಿಗಳನ್ನು ಛೂ ಬಿಟ್ಟಾಗ ಅವು ಮುನಿಯ ಸನ್ನಿಧಿಯಲ್ಲಿ ಶಾಂತವಾಗುತ್ತವೆ. ಕ್ರೌರ್ಯವು ಛೂ ಬಿಟ್ಟವನಲ್ಲಿತ್ತು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ನಾಯಿಯ ಮೇಲಿನ ಪ್ರೀತಿಗೆ ಸಾಕ್ಷಿಯಾಗಿ ಆತಕೂರಿನ ಕಲ್ಲನ್ನು ತೋರಿಸುವವರುಂಟು. ಗಂಗ ದೊರೆ ಇಮ್ಮಡಿ ಬೂತುಗನ ಕಾಲದ, ಸುಮಾರು ಕ್ರಿ.ಶ. 949–50ರ ಆ ಶಾಸನ ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ಬಹುಮಾನವಾಗಿ ಪಡೆದುದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಪರಸ್ಪರ ಹೋರಾಡಿ ಸತ್ತವು. ಒಡೆಯನು ಕಲ್ಲು ನಿಲ್ಲಿಸಿ ಭೂಮಿ ಬಿಡಿಸಿದುದು ನಿಜ; ಅವನ ಪ್ರೀತಿಯೂ ನಿಜವಿರಬಹುದು. ಆದರೆ ಜಿನಧರ್ಮಕ್ಕೆ ಆಶ್ರಯವಿತ್ತ ಅರಸುಮನೆತನದ ನಾಡಿನಲ್ಲಿ ನಿಂತ ಆ ಕಲ್ಲು, ಮನುಷ್ಯನ ವಿನೋದಕ್ಕಾಗಿ ಎರಡು ಜೀವಗಳು ಹೋದುದನ್ನೇ ಸಾರುತ್ತದೆ. ಪ್ರೀತಿಯಿದ್ದವನು ಕಾಳಿಯನ್ನು ಹಂದಿಯ ಕೋರೆಗೆ ಒಡ್ಡಬೇಕಾಗಿರಲಿಲ್ಲ.

ಹಂದಿಯ ಮಾತು ಬಂದಾಗ ಎರಡನೆಯ ವಾದ, ಊರಿನ ವಾದ, ತಾನಾಗಿ ಎದುರಾಗುತ್ತದೆ. ಕರ್ನಾಟಕದ ಜೈನರಲ್ಲಿ ಬಹುಮಂದಿ ಕೃಷಿಕರು. ಕಾಡಂಚಿನ ಗದ್ದೆ, ಅಡಕೆತೋಟ, ಜೋಳ–ಕಬ್ಬಿನ ಹೊಲಗಳಿಗೆ ಹಂದಿ ನುಗ್ಗಿದರೆ ಒಂದೇ ರಾತ್ರಿಯಲ್ಲಿ ತಿಂಗಳುಗಳ ದುಡಿಮೆ ಮಣ್ಣುಪಾಲಾಗುತ್ತದೆ. ಈ ನಷ್ಟವನ್ನು ಹಗುರವಾಗಿ ಕಾಣುವ ಧರ್ಮೋಪದೇಶಕ್ಕೆ ರೈತನ ಮುಂದೆ ಬೆಲೆಯಿಲ್ಲ. ಆದರೆ ಬೆಳೆಗೆ ನುಗ್ಗಿದ ಪ್ರಾಣಿಯನ್ನು ಕೂಗಿ, ತಮಟೆ ಬಡಿದು, ಪಂಜು ತೋರಿಸಿ ಅಟ್ಟುವುದು ರಕ್ಷಣೆ. ಹಗಲಿನಲ್ಲಿ ಪೊದೆಯೊಳಗೆ ಮಲಗಿದ ಹಂದಿಯನ್ನು ನಾಯಿಗಳಿಂದ ಎಬ್ಬಿಸಿ, ಸುತ್ತುಗಟ್ಟಿ ಕೊಲ್ಲುವುದು ಬೇಟೆ. ಮೊದಲನೆಯದನ್ನು ವಿರೋಧೀ ಹಿಂಸೆಯ ಮಿತಿಯಲ್ಲಿ ವಿಚಾರಿಸಬಹುದು. ಎರಡನೆಯದನ್ನು ಆ ಹೆಸರಿನಿಂದ ಮುಚ್ಚಲಾಗದು. ನಾಯಿಯ ಗುಂಪು ತಪ್ಪಿತಸ್ಥ ಹಂದಿಯನ್ನು ಆರಿಸಿ ಹಿಡಿಯುವುದಿಲ್ಲ. ಅದರ ಬಾಯಿಗೆ ಮರಿಗಳಿರುವ ತಾಯಿಹಂದಿಯೂ ಬೀಳುತ್ತದೆ, ಬೆಳೆಯನ್ನು ಮುಟ್ಟದ ಉಡ, ಚಿಪ್ಪುಹಂದಿಗಳೂ ಬೀಳುತ್ತವೆ. ಕೋರೆಯ ಇರಿತಕ್ಕೆ ನಾಯಿಗಳ ಹೊಟ್ಟೆಯೂ ಸೀಳುತ್ತದೆ.

ಬೇಟೆಗಾರರಿಗೆ ಒಡೆಯನು ಕೂಲಿ ಕೊಡಲಿಲ್ಲ ಎಂಬ ಸಮಾಧಾನವೂ ಸಲ್ಲದು. ಸತ್ತ ಪ್ರಾಣಿಯ ಮಾಂಸವೇ ಅವರ ಕೂಲಿ. ತನ್ನ ಮನೆಯೊಳಗೆ ಮಾಂಸದ ಹೆಸರನ್ನೂ ಎತ್ತದ ಶ್ರಾವಕನು ತನ್ನ ತೋಟದ ಕಾವಲಿಗೆ ಮಾಂಸವನ್ನೇ ಸಂಬಳವಾಗಿ ಬಿಟ್ಟುಕೊಟ್ಟಂತಾಯಿತು. ಹಂದಿ ಎಲ್ಲಿ ಮಲಗಿದೆಯೆಂದು ಬೆರಳು ತೋರಿಸುವುದೂ ಪಾಪವೇ. ಬೇಟೆಗಾರನಿಗೆ ಮೃಗಗಳಿರುವ ಎಡೆಯನ್ನು ತಿಳಿಸುವುದನ್ನು ಪೂರ್ವಾಚಾರ್ಯರು ಪಾಪೋಪದೇಶದಲ್ಲಿ ಸೇರಿಸಿದ್ದಾರೆ. ದೇಶದ ಕಾನೂನು ಕೂಡ ಇದೇ ಜಾಡಿನಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕೊಲ್ಲುವುದನ್ನಷ್ಟೇ ಅಲ್ಲದೆ ಬೆನ್ನಟ್ಟುವುದು, ಅಟ್ಟಿ ತರುವುದು, ಬಲೆಯೊಡ್ಡುವುದು ಹಾಗೂ ಇವುಗಳ ಪ್ರಯತ್ನವನ್ನೂ ಬೇಟೆಯೆಂದೇ ಕರೆಯುತ್ತದೆ. ಬೆಳೆಗೆ ಅಪಾಯವೊಡ್ಡುವ ಕೆಲವು ಪ್ರಾಣಿಗಳ ವಿಷಯದಲ್ಲಿ ಅಧಿಕಾರಿಗಳು ಅನುಮತಿ ನೀಡಲು ಕಾಯ್ದೆಯಲ್ಲಿ ಅವಕಾಶವಿರುವುದು ನಿಜ. ಆದರೆ ಅನುಮತಿಯ ಪತ್ರವು ದಂಡದಿಂದ ಉಳಿಸಬಲ್ಲುದು, ಕರ್ಮಬಂಧದಿಂದ ಉಳಿಸಲಾರದು.

ಹಾಗಾದರೆ ರೈತನು ಏನು ಮಾಡಬೇಕು? ಇಲ್ಲಿ ಬಸದಿಗಳ ಟ್ರಸ್ಟುಗಳ ಹೊಣೆ ಆರಂಭವಾಗುತ್ತದೆ. ಪಂಚಕಲ್ಯಾಣ, ಮಸ್ತಕಾಭಿಷೇಕಗಳಿಗೆ ನಿಧಿ ಕೂಡಿಸಬಲ್ಲ ಸಮಾಜಕ್ಕೆ, ಕಾಡಂಚಿನ ಬಡ ಶ್ರಾವಕನ ಹೊಲಕ್ಕೆ ಸೌರಬೇಲಿ ಹಾಕಿಸಲು ನೆರವಾಗುವುದು ಅಸಾಧ್ಯವಲ್ಲ. ಬೆಳೆನಷ್ಟಕ್ಕೆ ಅರಣ್ಯ ಇಲಾಖೆ ನೀಡುವ ಪರಿಹಾರಕ್ಕೆ ಅರ್ಜಿ ಬರೆದುಕೊಡುವ, ಅದರ ಬೆನ್ನುಹತ್ತುವ ಕೆಲಸವನ್ನು ಟ್ರಸ್ಟಿನ ಕಚೇರಿಯೇ ವಹಿಸಿಕೊಳ್ಳಬಹುದು. ಬಸದಿಯ ಭೂಮಿಯನ್ನು ಗೇಣಿಗೋ ಗುತ್ತಿಗೆಗೋ ಕೊಡುವಾಗ, ಅಲ್ಲಿ ಬೇಟೆಯಾಗಲಿ ಬೇಟೆನಾಯಿಗಳ ಪ್ರವೇಶವಾಗಲಿ ಕೂಡದೆಂಬ ಷರತ್ತನ್ನು ಪತ್ರದಲ್ಲಿ ಬರೆಯಿಸಬೇಕು. ಅಹಿಂಸೆಯನ್ನು ಪೀಠದ ಮೇಲಿಂದ ಬೋಧಿಸಿ, ಅದರ ವೆಚ್ಚವನ್ನು ಕಾಡಂಚಿನ ರೈತನೊಬ್ಬನ ತಲೆಗೆ ಹೊರಿಸುವ ಸಮಾಜಕ್ಕೆ ಅವನನ್ನು ದೂಷಿಸುವ ಅಧಿಕಾರವಿಲ್ಲ.

ನಾಯಿಯನ್ನು ಸಾಕಬಾರದೆಂದು ಇದರ ಅರ್ಥವಲ್ಲ. ಮನೆಗಾವಲಿಗೆ, ಕುರುಡರ ದಾರಿಗೆ, ಭೂಕಂಪದ ಅವಶೇಷಗಳಡಿ ಸಿಲುಕಿದವರ ಹುಡುಕಾಟಕ್ಕೆ ಅದರ ಬುದ್ಧಿಯೂ ಮೂಗೂ ಒದಗಿವೆ. ಬಂಡೀಪುರದ ಅರಣ್ಯದಲ್ಲಿ ರಾಣಾ ಎಂಬ ನಾಯಿ ಕಳ್ಳಬೇಟೆಗಾರರ ಜಾಡು ಹಿಡಿದು ಇಲಾಖೆಗೆ ನೆರವಾಯಿತು. ಜಾಡು ಹಿಡಿಯುವ ಮೂಗು ಒಂದೇ. ಅದನ್ನು ಕೊಲ್ಲುವವನ ಸೇವೆಗೆ ಕೊಡಬೇಕೋ ಕಾಯುವವನ ಸೇವೆಗೆ ಕೊಡಬೇಕೋ ಎಂಬುದನ್ನು ನಿರ್ಧರಿಸುವವನು ಮನುಷ್ಯ. ಆ ನಿರ್ಧಾರದ ಫಲವನ್ನು ಉಣ್ಣಬೇಕಾದವನೂ ಅವನೇ. ಪರ್ಯೂಷಣದ ದಿನಗಳಲ್ಲಿ ಸಕಲ ಜೀವಿಗಳಲ್ಲಿ ಕ್ಷಮೆ ಬೇಡುವ ಶ್ರಾವಕನು, ತನ್ನ ತೋಟದ ಬೇಲಿಯಾಚೆ ಬೊಗಳುವ ನಾಯಿಗಳು ಯಾರ ಒಪ್ಪಿಗೆಯಿಂದ ಬಂದಿವೆ ಎಂಬುದನ್ನು ಮೊದಲು ವಿಚಾರಿಸಲಿ.