ರೇಷ್ಮೆ ಗೂಡಿನ ವೈದ್ಯಕೀಯ ಬಳಕೆ: ಬೆಳೆಗಾರರಿಗೆ ಲಾಭವೆಷ್ಟು?

ರೇಷ್ಮೆ ಗೂಡಿನಿಂದ ಗಾಯದ ಪಟ್ಟಿ, ಮೂಳೆ ಮತ್ತು ಚರ್ಮದ ಕೋಶಗಳು ಬೆಳೆಯಲು ನೆರವಾಗುವ ಜಾಲರಿ, ಔಷಧವನ್ನು ನಿಧಾನವಾಗಿ ಬಿಡುಗಡೆ ಮಾಡುವ ಪೊರೆ ಮುಂತಾದವುಗಳ ತಯಾರಿಕೆ ಕುರಿತು ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ವೇಗ ಪಡೆದಿದೆ. ಹಿಪ್ಪುನೇರಳೆ ರೇಷ್ಮೆ ಉತ್ಪಾದನೆಯಲ್ಲಿ ದೇಶದಲ್ಲೇ ಮುಂಚೂಣಿಯಲ್ಲಿರುವ ಕರ್ನಾಟಕದ ಬೆಳೆಗಾರರು ಈ ಬೆಳವಣಿಗೆಯನ್ನು ಸರಿಯಾಗಿ ಅರ್ಥೈಸಿಕೊಳ್ಳುವುದು ಅಗತ್ಯ.

ರೇಷ್ಮೆ ಎಳೆಯು ಎರಡು ಪ್ರೋಟೀನುಗಳಿಂದ ಕೂಡಿದೆ. ಒಳಗಿನ ಫೈಬ್ರೋಯಿನ್ ಶೇ. 70ರಿಂದ 75ರಷ್ಟಿದ್ದು, ಉಳಿದದ್ದು ಬಹುಪಾಲು ಸೆರಿಸಿನ್ ಎಂಬ ಅಂಟು. ಗೂಡನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಕುದಿಸಿ ಅಂಟನ್ನು ಬೇರ್ಪಡಿಸಿ, ಫೈಬ್ರೋಯಿನನ್ನು ಲವಣದ ದ್ರಾವಣದಲ್ಲಿ ಕರಗಿಸಿದರೆ, ಅದರಿಂದ ಪೊರೆ, ಸ್ಪಂಜು ಅಥವಾ ಜೆಲ್ ತಯಾರಿಸಬಹುದು. ಇದು ದೇಹದಲ್ಲಿ ಕ್ರಮೇಣ ಕರಗುವ ನೈಸರ್ಗಿಕ ಪಾಲಿಮರ್. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ರೇಷ್ಮೆ ಪೊರೆಯಲ್ಲಿ ಲಸಿಕೆ ಮತ್ತು ಪ್ರತಿಜೀವಕಗಳನ್ನು ಶೈತ್ಯಾಗಾರವಿಲ್ಲದೆ ಸಂರಕ್ಷಿಸಬಹುದೆಂದು 2012ರಲ್ಲಿ ತೋರಿಸಿದರು. ಹಣ್ಣುಗಳ ಮೇಲೆ ತೆಳುವಾದ ರೇಷ್ಮೆ ಲೇಪನ ನೀಡಿ ತಾಜಾತನ ಕಾಯ್ದ ಪ್ರಯೋಗವನ್ನು ಅದೇ ವಿಶ್ವವಿದ್ಯಾಲಯವು 2016ರಲ್ಲಿ ಪ್ರಕಟಿಸಿತು.

ಇದರಿಂದ ಗೂಡಿನ ಬೆಲೆ ಏರುವುದೇ? ಲೆಕ್ಕ ಹಾಕಿ ನೋಡೋಣ. ಉತ್ತಮ ದ್ವಿತಳಿ ಹಸಿ ಗೂಡಿನಲ್ಲಿ ಚಿಪ್ಪಿನ ಪ್ರಮಾಣ ಸುಮಾರು ಶೇ. 20. ಅಂದರೆ 100 ಕಿ.ಗ್ರಾಂ ಗೂಡಿನಿಂದ 20 ಕಿ.ಗ್ರಾಂ ಚಿಪ್ಪು, ಅದರಿಂದ ಸುಮಾರು 14 ಕಿ.ಗ್ರಾಂ ಫೈಬ್ರೋಯಿನ್ ದೊರೆಯಬಹುದು. ಆದರೆ ಒಂದು ವೈದ್ಯಕೀಯ ಪಟ್ಟಿಗೆ ಬೇಕಾಗುವ ಫೈಬ್ರೋಯಿನ್ ಅತ್ಯಲ್ಪ. ಆದ್ದರಿಂದ ಬಟ್ಟೆ ಉದ್ಯಮದ ಬೇಡಿಕೆಯ ಎದುರು ಈ ಬೇಡಿಕೆ ಸದ್ಯಕ್ಕೆ ಸಣ್ಣದು. ಉತ್ಪನ್ನದ ಹೆಚ್ಚಿನ ಮೌಲ್ಯವು ಸಂಸ್ಕರಣೆ, ಪರೀಕ್ಷೆ ಹಾಗೂ ಪರವಾನಗಿಯ ಹಂತಗಳಲ್ಲಿ ಸೇರುತ್ತದೆಯೇ ಹೊರತು ಗೂಡು ಉತ್ಪಾದನೆಯ ಹಂತದಲ್ಲಲ್ಲ.

ಆದರೂ ಒಂದು ಅವಕಾಶ ನಿಜವಾಗಿಯೂ ಇದೆ. ನೂಲು ಬಿಚ್ಚಲು ಎಳೆ ಅಖಂಡವಾಗಿರಬೇಕು, ಕರಗಿಸಲು ಹಾಗಿರಬೇಕಿಲ್ಲ. ಆದುದರಿಂದ ಚಿಟ್ಟೆ ಹೊರಬಂದ ತೂತು ಗೂಡು, ಕತ್ತರಿಸಿದ ಗೂಡು ಮತ್ತು ನೂಲು ಬಿಚ್ಚಾಣಿಕೆಯ ತ್ಯಾಜ್ಯವೂ ಶುದ್ಧವಾಗಿದ್ದಲ್ಲಿ ಉಪಯುಕ್ತ. ಬಿಚ್ಚಾಣಿಕೆ ಘಟಕದಿಂದ ಹರಿದುಹೋಗುವ ಸೆರಿಸಿನ್ ಕೂಡ ಸೌಂದರ್ಯವರ್ಧಕಗಳಲ್ಲಿ ಬಳಕೆಯಾಗುವ ವಸ್ತು.

ಬೆಳೆಗಾರರಿಗೆ ಸಲಹೆಗಳು:

1. ವೈದ್ಯಕೀಯ ಬೇಡಿಕೆಯ ಸುದ್ದಿಯನ್ನಷ್ಟೇ ನಂಬಿ ಹಿಪ್ಪುನೇರಳೆ ತೋಟ ವಿಸ್ತರಿಸಬಾರದು, ಸಾಲ ಮಾಡಬಾರದು. ಲಿಖಿತ ಖರೀದಿ ಒಪ್ಪಂದವಿಲ್ಲದೆ ಮುಂಗಡ ಹಣ ನೀಡಬಾರದು.
2. ಕಲೆಯಾದ, ರೋಗದಿಂದ ಹುಳು ಸತ್ತ ಗೂಡುಗಳನ್ನು ಸ್ವಚ್ಛ ಗೂಡುಗಳಿಂದ ಬೇರ್ಪಡಿಸಬೇಕು.
3. ತೋಟಕ್ಕೆ ಬಳಸಿದ ಕೀಟನಾಶಕ, ಸಾಕಣೆ ಮನೆಯ ಸೋಂಕು ನಿವಾರಕ, ತಳಿ ಮತ್ತು ಚಾಕಿ ದಿನಾಂಕಗಳನ್ನು ದಾಖಲಿಸಬೇಕು. ವೈದ್ಯಕೀಯ ಕಚ್ಚಾವಸ್ತುವಿಗೆ ಮೂಲದ ದಾಖಲೆ ಮುಖ್ಯ.

ವಿಸ್ತರಣಾ ಕಾರ್ಯಕರ್ತರು ಗುಂಪುಗಳ ಮೂಲಕ ತೂತು ಗೂಡು ಮತ್ತು ತ್ಯಾಜ್ಯದ ಸಂಗ್ರಹಣೆಗೆ ಮಾರ್ಗದರ್ಶನ ನೀಡಬಹುದು. ಒಬ್ಬ ರೈತನ ಬಳಿಯಿರುವ ಅಲ್ಪ ಪ್ರಮಾಣಕ್ಕೆ ಕೊಳ್ಳುವವರು ಸಿಗುವುದಿಲ್ಲ. ಉತ್ಪಾದಕರ ಸಂಘವೊಂದು ವಿಂಗಡಿಸಿ, ದಾಖಲೆಯೊಡನೆ ನೀಡುವ ಸರಕಿಗೆ ಚೌಕಾಸಿಯ ಬಲವಿರುತ್ತದೆ. ಸದ್ಯದ ಆದಾಯವು ನೂಲಿನ ಗುಣಮಟ್ಟವನ್ನೇ ಅವಲಂಬಿಸಿರುವುದರಿಂದ, ರೋಗಮುಕ್ತ ಸಾಕಣೆಯೇ ಎರಡೂ ಮಾರುಕಟ್ಟೆಗಳಿಗೆ ಸಮಾನವಾದ ಸಿದ್ಧತೆ.